ದಾವೆ ಯಾವ ಕೋರ್ಟಿಗೆ, ಆ ಗೆರೆ ಎಳೆಯುವವರು ಯಾರು: ಭೂಸುಧಾರಣೆ ಕಲಂ 132ರಿಂದ ಕಾವೇರಿವರೆಗೆ

ವರದಾ ತೀರ
ಒಂದು ಉದಾಹರಣೆ ಇಟ್ಟುಕೊಂಡು ಕೇಳುತ್ತೇನೆ. ಹಿರೇಕೆರೂರು ತಾಲ್ಲೂಕಿನಲ್ಲಿ 6 ಎಕರೆ ಜಮೀನು, ಹುಬ್ಬಳ್ಳಿಯಲ್ಲಿ ಒಂದು ಮನೆ. ತಂದೆ ತೀರಿಕೊಂಡಿದ್ದಾರೆ. ಜಮೀನು ಗೇಣಿಯದ್ದು, ಫಾರಂ 7 (ಗೇಣಿದಾರ ಹಕ್ಕು ಕೇಳುವ ಅರ್ಜಿ) ಕೊಟ್ಟು 1981ರಲ್ಲಿ ಭೂ ನ್ಯಾಯಮಂಡಳಿಯಿಂದ ಬಂದದ್ದು. ಆದೇಶ ಹಿರಿಯ ಮಗನ ಹೆಸರಿನಲ್ಲಿ, ಪಹಣಿಯೂ ಅವನದೇ. ಅವನೀಗ ಬೆಂಗಳೂರಿನಲ್ಲಿದ್ದಾನೆ. ತಂಗಿ ಪಾಲು ಕೇಳುತ್ತಿದ್ದಾಳೆ.

ದಾವೆ ಎಲ್ಲಿ ಹೂಡಬೇಕು? ಭೂಸುಧಾರಣಾ ಕಾಯ್ದೆಯ ಕಲಂ 132 ಸಿವಿಲ್ ಕೋರ್ಟು ಕೈಹಾಕಬಾರದು ಅನ್ನುತ್ತದೆ, ಹಾಗಾದರೆ ದಾರಿಯೇ ಇಲ್ಲವೇ? ಇನ್ನೊಂದು: ವಿಧಾನಸಭೆ ಹೀಗೆ ಕೋರ್ಟಿನ ಬಾಗಿಲು ಹಾಕಬಹುದಾದರೆ ನಾಳೆ ಹೈಕೋರ್ಟಿನದನ್ನೂ ಹಾಕಬಹುದೇ?

ಎರಡನೇ ಪ್ರತಿ
ಮೊದಲು ಊರು. ಸ್ಥಿರಾಸ್ತಿಯ ಪಾಲಿನ ದಾವೆ ಆಸ್ತಿ ಇರುವಲ್ಲೇ ನಡೆಯಬೇಕು, ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 16. ಅಣ್ಣ ಬೆಂಗಳೂರಿನಲ್ಲಿದ್ದಾನೆ ಎಂಬುದರಿಂದ ಬೆಂಗಳೂರಿಗೆ ಹೋಗುವಂತಿಲ್ಲ. ಪ್ರತಿವಾದಿ ವಾಸವಿರುವ ಊರಿನ ಲೆಕ್ಕ ಕಲಂ 20ರದ್ದು; ಸಾಲ, ಕರಾರು ಮುಂತಾದವಕ್ಕೆ ಸರಿ, ಜಮೀನಿಗೆ ಅಲ್ಲ.

ಆಸ್ತಿ ಎರಡು ಜಿಲ್ಲೆಯಲ್ಲಿದೆಯಲ್ಲ, ಅದಕ್ಕೆ ಕಲಂ 17. ಯಾವುದೇ ಒಂದು ಭಾಗ ಇರುವ ಕೋರ್ಟಿನಲ್ಲಿ ಎಲ್ಲದಕ್ಕೂ ಸೇರಿಸಿ ಒಂದೇ ದಾವೆ ಹಾಕಬಹುದು, ಹಿರೇಕೆರೂರು ಆದೀತು, ಹುಬ್ಬಳ್ಳಿಯೂ ಆದೀತು. ಆದರೆ ಆ ಕಲಮಿನ ಬಾಲದಲ್ಲಿರುವ ಷರತ್ತನ್ನು ಬಹಳ ಮಂದಿ ಓದುವುದಿಲ್ಲ: ಪೂರ್ತಿ ಕ್ಲೇಮಿನ ಮೌಲ್ಯ ಆ ಕೋರ್ಟಿನ ಹಣಕಾಸು ವ್ಯಾಪ್ತಿಯೊಳಗೆ ಇರಬೇಕು. ಜಮೀನಿನ ಬೆಲೆ ಮಾತ್ರ ನೋಡಿ ಸಿವಿಲ್ ಜಡ್ಜ್ ಕೋರ್ಟಿಗೆ ಹಾಕಿ, ಹುಬ್ಬಳ್ಳಿ ಮನೆಯ ಪಾಲು ಸೇರಿದಾಗ ಮಿತಿ ದಾಟಿತು ಅಂದರೆ ವಾದಪತ್ರ ವಾಪಸ್ಸು. ಸಿವಿಲ್ ಜಡ್ಜ್ ಮತ್ತು ಸೀನಿಯರ್ ಸಿವಿಲ್ ಜಡ್ಜ್ ನಡುವಿನ ಗೆರೆ ಇರುವುದು ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಅಧಿನಿಯಮ 1964ರ ಕಲಂ 17ರಲ್ಲಿ. ಆ ಮೊತ್ತವನ್ನು ತಿದ್ದುಪಡಿಯಿಂದ ಏರಿಸುತ್ತಾ ಬಂದಿದ್ದಾರೆ. ಹಳೇ ಪುಸ್ತಕದ ಅಂಕಿ ನಂಬಬೇಡಿ, ದಾವೆ ಹಾಕುವ ದಿನ ಜಾರಿಯಲ್ಲಿರುವ ಪಾಠ ನೋಡಿ.

ಶುಲ್ಕ ಲೆಕ್ಕ
ಮೇಲಿನವರು ಮೌಲ್ಯ ಅಂದರು. ಅದನ್ನು ಹೇಗೆ ಕಟ್ಟುತ್ತಾರೆ ಅನ್ನುವುದರಲ್ಲೇ ಅರ್ಧ ತಕರಾರು.

ಕರ್ನಾಟಕ ಕೋರ್ಟ್ ಶುಲ್ಕ ಮತ್ತು ದಾವೆ ಮೌಲ್ಯ ನಿರ್ಣಯ ಅಧಿನಿಯಮ 1958ರ ಕಲಂ 35 ನೋಡಿ. ತಂಗಿ ತಾನೂ ಜಂಟಿ ಸ್ವಾಧೀನದಲ್ಲಿದ್ದೇನೆ ಅಂದರೆ 35(2), ನಿಗದಿತ ಶುಲ್ಕ. ಪಾಲಿನ ಬೆಲೆ 10,000 ದಾಟಿದರೆ 200 ರೂಪಾಯಿ. ನನ್ನನ್ನು ಹೊರಗೆ ಹಾಕಿದ್ದಾರೆ ಎಂದು ವಾದಪತ್ರದಲ್ಲೇ ಬರೆದುಕೊಂಡರೆ 35(1), ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಮರುಕ ಹುಟ್ಟಲಿ ಎಂದು 'ಮನೆಯಿಂದ ಹೊರದಬ್ಬಿದರು' ಅಂತ ಎರಡು ಸಾಲು ಜಾಸ್ತಿ ಬರೆದು ಲಕ್ಷಗಟ್ಟಲೆ ಶುಲ್ಕ ಮೈಮೇಲೆ ಎಳೆದುಕೊಳ್ಳುವುದು ಸಾಮಾನ್ಯ.

ಶುಲ್ಕ 200 ಆದ ಮಾತ್ರಕ್ಕೆ ದಾವೆ ಚಿಕ್ಕ ಕೋರ್ಟಿಗೆ ಹೋಗುವುದಿಲ್ಲ. ನಿಗದಿತ ಶುಲ್ಕದ ದಾವೆಗಳಲ್ಲಿ ವ್ಯಾಪ್ತಿಗೆ ಮಾರುಕಟ್ಟೆ ಮೌಲ್ಯವೇ ಲೆಕ್ಕ, ಕಲಂ 50. ಇಲ್ಲಿ ಇನ್ನೊಂದು ತಿರುವಿದೆ. ಕಂದಾಯ ಕಟ್ಟುವ ಕೃಷಿ ಜಮೀನಿಗೆ ಕಲಂ 7(2)ರ ಪ್ರಕಾರ ಮೌಲ್ಯ ಅಂದರೆ ವಾರ್ಷಿಕ ಕಂದಾಯದ 25 ಪಟ್ಟು. ಎಕರೆಗೆ ಎಷ್ಟೇ ಲಕ್ಷ ಬಾಳಲಿ, ಕಾಗದದಲ್ಲಿ ನೂರು, ಸಾವಿರದ ಅಂಕಿ ಬರುತ್ತದೆ. ಅದೇ ಜಮೀನು ಕೃಷಿಯೇತರಕ್ಕೆ ಪರಿವರ್ತನೆಯಾಗಿದ್ದರೆ ಈ ಸೂತ್ರ ನಿಲ್ಲುವುದಿಲ್ಲ, ನಿಜವಾದ ಬೆಲೆ ಹಾಕಬೇಕು. ಪಹಣಿಯ ಜೊತೆಗೆ ಪರಿವರ್ತನೆ ಆದೇಶ ಇದೆಯೇ ಎಂದು ಮೊದಲು ನೋಡುವುದು ಇದಕ್ಕೇ. ಈ ಉದಾಹರಣೆಯಲ್ಲಿ ಹುಬ್ಬಳ್ಳಿ ಮನೆಯೇ ಕೋರ್ಟನ್ನು ತೀರ್ಮಾನಿಸುತ್ತದೆ, ಬಹುಶಃ ಸೀನಿಯರ್ ಸಿವಿಲ್ ಜಡ್ಜ್.

ಮಲಪ್ರಭೆ
ತಪ್ಪು ಕೋರ್ಟಿಗೆ ಹಾಕಿದ್ರ ಏನಾಗ್ತದ ಅಂತನೂ ಹೇಳ್ರಿ. ವಜಾ ಆಗ್ತದೇನು?

ಎರಡನೇ ಪ್ರತಿ
ವಜಾ ಆಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 10ರಡಿ ವಾದಪತ್ರ ಹಿಂದಿರುಗಿಸುತ್ತಾರೆ, ಸರಿಯಾದ ಕೋರ್ಟಿನಲ್ಲಿ ಮತ್ತೆ ಹಾಜರುಪಡಿಸಬೇಕು. ನಿಯಮ 10ಎ ಅಡಿ ವಾದಿಯೇ ಅರ್ಜಿ ಕೊಟ್ಟರೆ ಯಾವ ಕೋರ್ಟು, ಹಾಜರಾತಿ ಯಾವ ದಿನ ಎಂದು ಆದೇಶದಲ್ಲೇ ಬರೆಸಿಕೊಳ್ಳಬಹುದು. ಆಗ ಪ್ರತಿವಾದಿಗೆ ಮತ್ತೆ ಸಮನ್ಸ್ ಜಾರಿ ಮಾಡುವ ತಲೆನೋವು ತಪ್ಪುತ್ತದೆ. ಈ ಅರ್ಜಿಯನ್ನು ಮರೆಯುವವರೇ ಹೆಚ್ಚು.

ನಷ್ಟ ಇರುವುದು ಬೇರೆ ಕಡೆ. ಮರುಹಾಜರು ಮಾಡಿದ ದಾವೆ ಹೊಸ ದಾವೆ. ಸಾಕ್ಷಿ ವಿಚಾರಣೆ ಮುಗಿದಿದ್ದರೂ ಮೊದಲಿನಿಂದ ಶುರು ಎಂದು ಸುಪ್ರೀಂ ಕೋರ್ಟಿನ ಮೂವರ ಪೀಠ 2020ರಲ್ಲಿ ಎಕ್ಸೆಲ್ ಕೆರಿಯರ್ಸ್ ಪ್ರಕರಣದಲ್ಲಿ ಹೇಳಿದೆ. ಕಾಲಮಿತಿಗೆ ಮಾತ್ರ ಪರಿಹಾರವಿದೆ: ಕಾಲಮಿತಿ ಅಧಿನಿಯಮದ ಕಲಂ 14 ತಪ್ಪು ಕೋರ್ಟಿನಲ್ಲಿ ಕಳೆದ ಸಮಯವನ್ನು ಬಿಟ್ಟು ಎಣಿಸುತ್ತದೆ, ಆದರೆ ಸದ್ಭಾವನೆ ಮತ್ತು ಶ್ರದ್ಧೆಯಿಂದ ನಡೆಸಿದ್ದೆವು ಎಂದು ತೋರಿಸಬೇಕು.

ನಡೆದ ಸಾಕ್ಷ್ಯ ಉಳಿಸಿಕೊಳ್ಳುವ ಆಸೆ ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 24ರ ವರ್ಗಾವಣೆ ನೋಡಿ. ಅದರ (5)ನೇ ಉಪಕಲಂ, ವ್ಯಾಪ್ತಿ ಇಲ್ಲದ ಕೋರ್ಟಿನಿಂದಲೂ ದಾವೆ ವರ್ಗಾಯಿಸಬಹುದು ಅನ್ನುತ್ತದೆ. ವರ್ಗಾವಣೆಯಾದ ದಾವೆಯನ್ನು ನಿಂತ ಹಂತದಿಂದ ಮುಂದುವರಿಸಲು ಹೊಸ ಕೋರ್ಟಿಗೆ ಅಧಿಕಾರವಿದೆ.

ವರದಾ ತೀರ
ಎದುರಿನವರು ಸುಮ್ಮನಿದ್ದು, ಡಿಕ್ರಿ ಆದ ಮೇಲೆ ವ್ಯಾಪ್ತಿ ಇರಲಿಲ್ಲ ಎಂದು ತಗಾದೆ ತೆಗೆದರೆ?

ಎರಡನೇ ಪ್ರತಿ
ಯಾವ ವ್ಯಾಪ್ತಿ ಎನ್ನುವುದರ ಮೇಲೆ ನಿಂತಿದೆ. ಊರು ಅಥವಾ ಮೊತ್ತದ ತಕರಾರಾದರೆ ಸಂಹಿತೆಯ ಕಲಂ 21: ಮೊದಲ ಕೋರ್ಟಿನಲ್ಲೇ, ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ರಚಿಸುವುದರೊಳಗೆ ಎತ್ತಿರಬೇಕು, ಜೊತೆಗೆ ಅದರಿಂದ ನ್ಯಾಯಕ್ಕೆ ಧಕ್ಕೆಯಾಗಿರಬೇಕು. ಮೂರೂ ಕೂಡಿ ಬರದಿದ್ದರೆ ಮೇಲ್ಮನವಿಯಲ್ಲಿ ಕೇಳುವವರಿಲ್ಲ. ವಿಷಯದ ಮೇಲೆಯೇ ಅಧಿಕಾರ ಇಲ್ಲದಿದ್ದರೆ ಡಿಕ್ರಿ ಅನೂರ್ಜಿತ, ಅಮಲ್ಜಾರಿಯಲ್ಲೂ ಪ್ರಶ್ನಿಸಬಹುದು. 1954ರ ಕಿರಣ್ ಸಿಂಗ್ ತೀರ್ಪು ಎರಡನ್ನೂ ಬಿಡಿಸಿ ಹೇಳಿದೆ. ಇಬ್ಬರೂ ಒಪ್ಪಿ ಕರಾರಿನಲ್ಲಿ ಬರೆದುಕೊಂಡರೂ ಇಲ್ಲದ ಅಧಿಕಾರ ಬರುವುದಿಲ್ಲ. 2005ರ ಹರ್ಷದ್ ಚಿಮನ್ ಲಾಲ್ ಮೋದಿ ಪ್ರಕರಣದಲ್ಲಿ ನಿವೇಶನ ಗುರುಗ್ರಾಮದಲ್ಲಿ, ದಾವೆ ದೆಹಲಿಯಲ್ಲಿ. ಎದುರಿನವರು ಮೊದಲು ವ್ಯಾಪ್ತಿ ಒಪ್ಪಿಕೊಂಡು ವರ್ಷಗಳಾದ ಮೇಲೆ ಅಲ್ಲಗಳೆದರು. ಆದರೂ ಆ ನಿವೇಶನದ ದಾವೆ ಕೇಳಲು ದೆಹಲಿ ಕೋರ್ಟಿಗೆ ಅಧಿಕಾರವೇ ಇಲ್ಲವೆಂದು ವಾದಪತ್ರ ವಾಪಸ್ಸಾಯಿತು.

ಕಂದಾಯ ಕಡತ
ಕಲಂ 132ಕ್ಕೆ ಬರೋಣ, ಜನ ಅನಗತ್ಯವಾಗಿ ಹೆದರುವ ಕಲಂ ಇದು.

ಅದು ಮುಚ್ಚುವುದು ಆ ಕಾಯ್ದೆಯಡಿ ನ್ಯಾಯಮಂಡಳಿ ಅಥವಾ ಡಿ.ಸಿ. ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಮಾತ್ರ. ಉದಾಹರಣೆಗೆ, 1974ರ ಮಾರ್ಚ್ 1ಕ್ಕೆ ಮೊದಲು ಸ್ವಾಧೀನದಲ್ಲಿದ್ದವನು ಗೇಣಿದಾರನೇ ಅಲ್ಲವೇ? ಇಂಥ ಪ್ರಶ್ನೆ ಸಿವಿಲ್ ದಾವೆಯಲ್ಲಿ ಎದ್ದರೆ ಕಲಂ 133ರಂತೆ ಕೋರ್ಟು ದಾವೆ ತಡೆಹಿಡಿದು ಆ ಅಂಶವನ್ನು ನ್ಯಾಯಮಂಡಳಿಗೆ ಕಳಿಸಬೇಕು. ಅಧಿಭೋಗದ ಹಕ್ಕು (ಗೇಣಿದಾರನಿಗೆ ಜಮೀನಿನ ಹಕ್ಕು) ಕೊಟ್ಟದ್ದೇ ತಪ್ಪು ಎಂದು ಸಿವಿಲ್ ಕೋರ್ಟಿನಲ್ಲಿ ವಾದಿಸಲಾಗದು, ಅದಕ್ಕೆ ಹೈಕೋರ್ಟಿನಲ್ಲಿ ರಿಟ್.

ಆದರೆ ಅಣ್ಣನ ಹೆಸರಿಗೆ ಬಂದದ್ದು ಅವನ ಸ್ವಂತಕ್ಕೋ, ಇಡೀ ಕುಟುಂಬದ ಗೇಣಿಯ ಫಲವೋ ಎಂಬುದು ಒಡಹುಟ್ಟಿದವರ ನಡುವಿನ ಪ್ರಶ್ನೆ. ಪಾಲು ಮಾಡಿಕೊಡುವ ಅಧಿಕಾರವೇ ನ್ಯಾಯಮಂಡಳಿಗಿಲ್ಲ. ಅದು ಕೊಡಲಾಗದ ಪರಿಹಾರವನ್ನು ಸಿವಿಲ್ ಕೋರ್ಟಿನಿಂದ ಕಿತ್ತುಕೊಂಡಂತಾಗುವುದಿಲ್ಲ ಎಂದು ಬಾಳವ್ವ ವಿರುದ್ಧ ಹಸನಾಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು. ಹಾಗಾಗಿ ತಂಗಿಯ ದಾವೆ ನಿಲ್ಲುತ್ತದೆ. ವಾದಪತ್ರದಲ್ಲಿ 1981ರ ಆದೇಶ ರದ್ದು ಮಾಡಿ ಎಂಬ ಕೋರಿಕೆ ಮಾತ್ರ ಬರಬಾರದು. ಅದನ್ನು ಒಪ್ಪಿಕೊಂಡೇ, ಅದು ಕುಟುಂಬದ ಪರವಾಗಿ ಬಂದದ್ದು ಎಂದು ಘೋಷಣೆ ಮತ್ತು ಪಾಲು ಕೇಳಬೇಕು. ಕೋರಿಕೆಯ ಒಂದು ಸಾಲು ತಪ್ಪಿದರೆ ದಾವೆಗೆ ಕಾನೂನಿನ ತಡೆ ಇದೆ, ವಾದಪತ್ರ ತಿರಸ್ಕರಿಸಿ ಎಂಬ ಆದೇಶ 7 ನಿಯಮ 11(ಡಿ) ಅರ್ಜಿ ಬಿತ್ತೆಂದೇ ತಿಳಿಯಿರಿ.

ಪಹಣಿಯ ವಿಷಯ: ತಹಶೀಲ್ದಾರರ ಮ್ಯುಟೇಷನ್ (ಖಾತೆ ಬದಲಾವಣೆ) ಮೇಲೆ ಎ.ಸಿ.ಗೆ (ಉಪವಿಭಾಗಾಧಿಕಾರಿ) 136(2), ಆಮೇಲೆ ಡಿ.ಸಿ.ಗೆ 136(3) ಎಂದು ಭೂಕಂದಾಯ ಕಾಯ್ದೆಯಲ್ಲಿ ಓಡಾಡಿ ವರ್ಷಗಳನ್ನು ಕಳೆಯುತ್ತಾರೆ. ಹಕ್ಕು ಯಾರದು ಎಂದು ಇವರು ಯಾರೂ ತೀರ್ಮಾನಿಸುವಂತಿಲ್ಲ. ಕಲಂ 135 ಓದಿ: ನಮೂದಿನ ಬಗ್ಗೆ ಸರ್ಕಾರದ ಮೇಲೆ ದಾವೆ ಇಲ್ಲ, ಆದರೆ ಹಕ್ಕಿನ ಘೋಷಣೆಗೆ ಸಿವಿಲ್ ಕೋರ್ಟಿಗೆ ಹೋಗಬಹುದು, ಡಿಕ್ರಿಯಂತೆ ನಮೂದು ತಿದ್ದಬೇಕು.

ಡಿಕ್ರಿ ಬಂದ ಮೇಲೂ ದಾರಿ ಎರಡಾಗುತ್ತದೆ. ಕಂದಾಯದ ಜಮೀನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 54ರಂತೆ ಡಿ.ಸಿ. ಮೂಲಕ ಮೋಜಣಿಯಾಗಿ ಭಾಗವಾಗುತ್ತದೆ. ಹುಬ್ಬಳ್ಳಿ ಮನೆಗೆ ಕೋರ್ಟ್ ಕಮಿಷನರ್, ಅಂತಿಮ ಡಿಕ್ರಿ.

ಜಯನಗರ 4ನೇ ಬ್ಲಾಕ್
ಬೆಂಗಳೂರಿನವರಿಗೆ ಒಂದು ಸಾಲು. ಇಲ್ಲಿ ಸಿವಿಲ್ ಜಡ್ಜ್, ಸೀನಿಯರ್ ಸಿವಿಲ್ ಜಡ್ಜ್ ಮೆಟ್ಟಿಲು ಇಲ್ಲ. 1979ರ ಬೆಂಗಳೂರು ನಗರ ಸಿವಿಲ್ ನ್ಯಾಯಾಲಯ ಅಧಿನಿಯಮದಡಿ ನಗರಕ್ಕೆ ಒಂದೇ ಸಿಟಿ ಸಿವಿಲ್ ಕೋರ್ಟ್, ಮೊತ್ತದ ಮೇಲ್ಮಿತಿ ಇಲ್ಲ, ಮೇಲ್ಮನವಿ ನೇರ ಹೈಕೋರ್ಟಿಗೆ. ಬೆಂಗಳೂರು ಗ್ರಾಮಾಂತರದ ಕೋರ್ಟುಗಳು ಬೇರೆ. ನಗರದ ಅಂಚಿನ ನಿವೇಶನಗಳಲ್ಲಿ ಸರ್ವೆ ನಂಬರ್ ಯಾವ ಕಡೆ ಬೀಳುತ್ತದೆ ಎಂಬುದೇ ಮೊದಲ ವಿವಾದಾಂಶ ಆಗುತ್ತದೆ.

ಪಟ್ಟಿ ಏಳು
ವಿಧಾನಸಭೆ ಕೋರ್ಟಿನ ಬಾಗಿಲು ಹಾಕಬಹುದೇ ಎಂಬ ಎರಡನೇ ಪ್ರಶ್ನೆಗೆ ಉತ್ತರ, ಯಾವ ವಿಷಯದಲ್ಲಿ ಯಾರು ಕಾಯ್ದೆ ಮಾಡಬಹುದೆಂದು ಹೇಳುವ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಸುಪ್ರೀಂ ಕೋರ್ಟಿನ ರಚನೆ, ಅಧಿಕಾರ ಕೇಂದ್ರಪಟ್ಟಿಯ ನಮೂದು 77. ಹೈಕೋರ್ಟಿನ ರಚನೆ, ಸಂಘಟನೆ ನಮೂದು 78, ಅದೂ ಕೇಂದ್ರದ್ದೇ. ಕೆಳಗಿನ ಕೋರ್ಟುಗಳ ರಚನೆ ಮತ್ತು ನ್ಯಾಯಾಡಳಿತ ಮೊದಲು ರಾಜ್ಯಪಟ್ಟಿಯ ನಮೂದು 3ರಲ್ಲಿತ್ತು. 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಯ 11ಎ ಮಾಡಿತು. ಅಂದಿನಿಂದ ಸಂಸತ್ತೂ ರಾಜ್ಯವೂ ಎರಡೂ ಅದರ ಬಗ್ಗೆ ಕಾಯ್ದೆ ಮಾಡಬಹುದು. ಇದಲ್ಲದೆ ಪ್ರತಿ ಪಟ್ಟಿಯಲ್ಲೂ ಆಯಾ ವಿಷಯದ ಮಟ್ಟಿಗೆ ಕೋರ್ಟುಗಳಿಗೆ ಅಧಿಕಾರ ಕೊಡುವ ಅಥವಾ ತೆಗೆಯುವ ನಮೂದು ಇದೆ: ಕೇಂದ್ರಪಟ್ಟಿಯಲ್ಲಿ 95, ರಾಜ್ಯಪಟ್ಟಿಯಲ್ಲಿ 65, ಸಮವರ್ತಿಯಲ್ಲಿ 46. ಜಮೀನು ರಾಜ್ಯಪಟ್ಟಿಯ ವಿಷಯ, ಆದ್ದರಿಂದ ಕಲಂ 132 ಬರೆಯಲು ವಿಧಾನಸಭೆಗೆ ಅಧಿಕಾರವಿತ್ತು.

ಈ ಜಗಳ ಹಳೆಯದು. ಮುಂಬಯಿ ಸಿಟಿ ಸಿವಿಲ್ ಕೋರ್ಟನ್ನು 1948ರ ಕಾಯ್ದೆ 10,000 ರೂಪಾಯಿ ಮಿತಿಯೊಂದಿಗೆ ಹುಟ್ಟಿಸಿತು, ಸರ್ಕಾರ ಅಧಿಸೂಚನೆಯಿಂದ 25,000ಕ್ಕೆ ಏರಿಸಿತು. ಪ್ರಾಮಿಸರಿ ನೋಟು ಕೇಂದ್ರದ ವಿಷಯ, ಅದರ ದಾವೆಯನ್ನು ಪ್ರಾಂತ್ಯ ಹೊಸ ಕೋರ್ಟಿಗೆ ಕೊಡುವುದು ಹೇಗೆ ಎಂಬ ವಾದ ಬಂತು. 1950ರ ಸುಪ್ರೀಂ ಕೋರ್ಟಿನ ನರೋತ್ತಮದಾಸ್ ತೀರ್ಪು ಕಾಯ್ದೆಯನ್ನು ಎತ್ತಿಹಿಡಿಯಿತು: ನ್ಯಾಯಾಡಳಿತ ಎಂಬ ಅಧಿಕಾರದೊಳಗೆ ಕೋರ್ಟಿಗೆ ಸಾಮಾನ್ಯ ವ್ಯಾಪ್ತಿ ಕೊಡುವುದೂ ಸೇರಿದೆ.

ಮಲಪ್ರಭೆ
ಹೈಕೋರ್ಟಿನ ಸಂಘಟನೆ ಕೇಂದ್ರದ್ದು ಅಂದ್ರೆ ಧಾರವಾಡ ಪೀಠ ಬಂದದ್ದು ಹೆಂಗ್ರೀ? ಹೋರಾಟ ಎಲ್ಲಾ ರಾಜ್ಯ ಸರ್ಕಾರದ ಮುಂದನ ನಡದಿತ್ತಲ್ಲ.

ಪಟ್ಟಿ ಏಳು
ವಿಧಾನಸಭೆ ನಿರ್ಣಯ ಮಾಡಬಹುದು, ಪೀಠ ಹುಟ್ಟಿಸುವಂತಿಲ್ಲ. ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ 1956ರ ಕಲಂ 51 ಓದಿ. 51(3)ರಡಿ ಮುಖ್ಯ ನ್ಯಾಯಮೂರ್ತಿ ರಾಜ್ಯಪಾಲರ ಒಪ್ಪಿಗೆಯೊಂದಿಗೆ ಬೇರೆ ಊರಿನಲ್ಲಿ ಕಲಾಪ ನಡೆಸಬಹುದು; ಧಾರವಾಡ, ಕಲಬುರಗಿ ಸಂಚಾರಿ ಪೀಠಗಳು 2008ರ ಜುಲೈನಲ್ಲಿ ಹಾಗೆ ಶುರುವಾದವು. ಕಾಯಂ ಪೀಠಕ್ಕೆ 51(2), ರಾಷ್ಟ್ರಪತಿಯ ಅಧಿಸೂಚನೆ ಬೇಕು; ಅದು 2013ರಲ್ಲಿ ಬಂತು. ರಾಜ್ಯದ ಕೈಯಲ್ಲಿರುವುದು ಕಟ್ಟಡ ಮತ್ತು ದುಡ್ಡು, ಅದೇನು ಸಣ್ಣ ಹಿಡಿತವಲ್ಲ. ಜಿಲ್ಲಾ ಕೋರ್ಟುಗಳಲ್ಲೂ ಹಾಗೆಯೇ: ಸಂಬಳ ರಾಜ್ಯದ ಬಜೆಟ್ಟಿನಿಂದ, ವರ್ಗಾವಣೆ ಮತ್ತು ಶಿಸ್ತು 235ನೇ ವಿಧಿಯಂತೆ ಹೈಕೋರ್ಟಿನಿಂದ.

ಜಯನಗರ 4ನೇ ಬ್ಲಾಕ್
ಶಾಸನ ಕೋರ್ಟಿನ ತೀರ್ಪನ್ನೇ ತಿರುಗಿಸಿದ ಉದಾಹರಣೆ ಬೇಕಾದರೆ ಚೆಕ್ ಬೌನ್ಸ್ ನೋಡಿ. 1999ರ ಭಾಸ್ಕರನ್ ತೀರ್ಪಿನಂತೆ ಐದು ಜಾಗಗಳಲ್ಲಿ ಎಲ್ಲಾದರೂ ದೂರು ಹಾಕಬಹುದಿತ್ತು. 2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಥೋಡ್ ತೀರ್ಪು ಬಂತು: ಚೆಕ್ ಕೊಟ್ಟವನ ಬ್ಯಾಂಕ್ ಇರುವ ಊರಿನಲ್ಲೇ ಹಾಕಬೇಕು. ರಾಶಿ ರಾಶಿ ದೂರುಗಳು ವಾಪಸ್ಸಾದವು. 2015ರ ಜೂನ್ 15ರಂದು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ: ಖಾತೆಗೆ ಹಾಕಿದ ಚೆಕ್ ಆದರೆ ಹಣ ಬರಬೇಕಾದವನ ಖಾತೆ ಇರುವ ಶಾಖೆಯ ಊರು, ಕೌಂಟರಿನಲ್ಲಿ ನೇರ ಕೊಟ್ಟಿದ್ದರೆ ಮಾತ್ರ ಕೊಟ್ಟವನ ಬ್ಯಾಂಕಿನ ಊರು. ಆ ಕಾಯ್ದೆ ಸೇರಿಸಿದ ಕಲಂ 142ಎ ಹಳೇ ಪ್ರಕರಣಗಳನ್ನೂ ಅದಕ್ಕೆ ತಕ್ಕಂತೆ ವರ್ಗಾಯಿಸಿತು. ಈಗಲೂ ಆಗುವ ತಪ್ಪು ಒಂದೇ: ಚೆಕ್ ಹಾಕಿದ ಶಾಖೆಯನ್ನು ಹಿಡಿದು ದೂರು ಬರೆಯುವುದು. ಲೆಕ್ಕಕ್ಕೆ ಬರುವುದು ಖಾತೆ ಇರುವ ಶಾಖೆ.

ವರದಾ ತೀರ
ಹಾಗಾದರೆ ಸರ್ಕಾರಕ್ಕೆ ಹಿಡಿಸದ ಯಾವ ತೀರ್ಪನ್ನಾದರೂ ಕಾಯ್ದೆಯಿಂದ ಅಳಿಸಬಹುದಲ್ಲ?

ಪಟ್ಟಿ ಏಳು
ಇಲ್ಲ. ತೀರ್ಪು ನಿಂತಿರುವ ಆಧಾರವನ್ನು ಬದಲಿಸಬಹುದು, ತೀರ್ಪು ನಮ್ಮನ್ನು ಕಟ್ಟುವುದಿಲ್ಲ ಎಂದು ಘೋಷಿಸುವಂತಿಲ್ಲ. ಇದು ಸುಪ್ರೀಂ ಕೋರ್ಟಿನ ಪೃಥ್ವಿ ಕಾಟನ್ ಮಿಲ್ಸ್ ತೀರ್ಪು, 1969. ಎರಡಕ್ಕೂ ಕರ್ನಾಟಕದ್ದೇ ಪಾಠಗಳಿವೆ.

ಕಾವೇರಿ ನ್ಯಾಯಮಂಡಳಿ 1991ರ ಜೂನ್ 25ರಂದು ವರ್ಷಕ್ಕೆ 205 ಟಿ.ಎಂ.ಸಿ. ಬಿಡಲು ಮಧ್ಯಂತರ ಆದೇಶ ಕೊಟ್ಟಿತು. ಜುಲೈ 25ಕ್ಕೆ ರಾಜ್ಯ ಕಾವೇರಿ ಜಲಾನಯನ ನೀರಾವರಿ ಸಂರಕ್ಷಣಾ ಸುಗ್ರೀವಾಜ್ಞೆ ಹೊರಡಿಸಿತು. ನಮ್ಮ ರೈತರಿಗೆ ಬೇಕಾದಷ್ಟು ನೀರನ್ನು ಯಾವ ಆದೇಶವಿದ್ದರೂ ಬಳಸುತ್ತೇವೆ ಎಂಬುದು ಅದರ ಸಾರ. ರಾಷ್ಟ್ರಪತಿ 143ನೇ ವಿಧಿಯಡಿ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಸುಪ್ರೀಂ ಕೋರ್ಟು ಅದು ರಾಜ್ಯದ ಅಧಿಕಾರ ಮೀರಿದ್ದು ಅಂದಿತು: ಪರಿಣಾಮ ರಾಜ್ಯದ ಗಡಿಯಾಚೆಗಿದೆ, ತನ್ನದೇ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾದಂತಿದೆ.

ಬಡ್ತಿ ಮೀಸಲಾತಿಯಲ್ಲಿ ಬೇರೆ ರೀತಿ ನಡೆಯಿತು. 2002ರ ಜ್ಯೇಷ್ಠತೆ ಕಾಯ್ದೆಯ ಕಲಂ 3, 4 ಅನ್ನು 2017ರ ಫೆಬ್ರವರಿ 9ರಂದು ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಹೊಡೆದುಹಾಕಿದರು, ಕಾರಣ ಪ್ರಾತಿನಿಧ್ಯದ ಕೊರತೆಗೆ ಅಂಕಿ-ಅಂಶ ಇರಲಿಲ್ಲ. ಸರ್ಕಾರ ರತ್ನಪ್ರಭಾ ಸಮಿತಿಯಿಂದ ಇಲಾಖಾವಾರು ಅಂಕಿ ತೆಗೆಸಿ, ಹೊಸ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಯ ಅಂಕಿತ ಪಡೆಯಿತು. 2019ರ ಮೇ 10ರಂದು ಅದು ಉಳಿಯಿತು. ಕೊರತೆ ಯಾವುದು ಎಂದು ಕೋರ್ಟು ಬೊಟ್ಟುಮಾಡಿತ್ತು, ಅದನ್ನೇ ತುಂಬಿದರು.

ಕಂದಾಯ ಕಡತ
ಪವಿತ್ರಾ ಎರಡನೇ ತೀರ್ಪಿನ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಹೊಸ ಕಾಯ್ದೆ ಪೂರ್ವಾನ್ವಯವಾಗಿ ಹಳೇ ಬಡ್ತಿಗಳನ್ನೂ ಉಳಿಸಿತು; ಮೊದಲ ತೀರ್ಪು ಗೆದ್ದವರಿಗೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಆಧಾರ ತೆಗೆಯುವುದು, ತೀರ್ಪು ತೆಗೆಯುವುದು ಇವೆರಡರ ಗೆರೆ ಪುಸ್ತಕದಲ್ಲಿ ಕಂಡಷ್ಟು ಸ್ಪಷ್ಟವಲ್ಲ.

ಪಟ್ಟಿ ಏಳು
ಆ ಮಟ್ಟಿಗೆ ಒಪ್ಪುತ್ತೇನೆ. ಆದರೂ ಅಲ್ಲಿ ಹೊಸ ಸಾಮಗ್ರಿ ಇತ್ತು. ನ್ಯಾಯಮಂಡಳಿಗಳ ವಿಷಯದಲ್ಲಿ ಅದೂ ಇರಲಿಲ್ಲ: ಸದಸ್ಯರಿಗೆ 4 ವರ್ಷದ ಅವಧಿ, ಕನಿಷ್ಠ 50 ವಯಸ್ಸು ಎಂಬ ಷರತ್ತುಗಳನ್ನು 2021ರ ಜುಲೈನಲ್ಲಿ ಹೊಡೆದುಹಾಕಿದರೆ ಸಂಸತ್ತು ಆಗಸ್ಟ್‌ನಲ್ಲಿ ಅವನ್ನೇ ಮತ್ತೆ ಕಾಯ್ದೆ ಮಾಡಿತು. 2025ರ ನವೆಂಬರ್‌ನಲ್ಲಿ ಅದೂ ಬಿತ್ತು.

ಹೈಕೋರ್ಟಿನ ಬಾಗಿಲು ಹಾಕಬಹುದೇ ಎಂದಿರಿ. ಹಾಕಿಯೇ ನೋಡಿದ್ದಾರೆ. 323ಎ, 323ಬಿ ವಿಧಿಗಳು ನ್ಯಾಯಮಂಡಳಿಗಳ ವಿಷಯದಲ್ಲಿ ಹೈಕೋರ್ಟನ್ನು ಹೊರಗಿಡಲು ಅವಕಾಶ ಕೊಟ್ಟಿದ್ದವು. 1986ರಲ್ಲಿ ಕರ್ನಾಟಕ ಆಡಳಿತ ನ್ಯಾಯಮಂಡಳಿ ಬಂದಾಗ ಸರ್ಕಾರಿ ನೌಕರರ ಸೇವಾ ವ್ಯಾಜ್ಯಗಳು ಅಲ್ಲಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ. 1997ರ ಮಾರ್ಚ್ 18ರಂದು ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಏಳು ಮಂದಿಯ ಪೀಠ ಹೇಳಿತು: 226, 227ನೇ ವಿಧಿಗಳಡಿ ಹೈಕೋರ್ಟಿಗಿರುವ ಪರಿಶೀಲನಾ ಅಧಿಕಾರ ಸಂವಿಧಾನದ ಮೂಲ ರಚನೆ, ತಿದ್ದುಪಡಿಯಿಂದಲೂ ತೆಗೆಯಲಾಗದು. ಅಂದಿನಿಂದ ಮಂಡಳಿಯ ಆದೇಶದ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ರಿಟ್. ಮಂಡಳಿ ಬಿಟ್ಟು ನೇರ ಹೈಕೋರ್ಟಿಗೆ ಹೋದರೆ ವಾಪಸ್ ಕಳಿಸುತ್ತಾರೆ.

ಶುಲ್ಕ ಲೆಕ್ಕ
ಜೊತೆಗೆ ಒಂದು ಎಚ್ಚರಿಕೆ. ಕೆ.ಎ.ಟಿ. ಎಂದು ಎರಡನ್ನೂ ಕರೆಯುತ್ತಾರೆ. ಸೇವಾ ವ್ಯಾಜ್ಯದ ಆಡಳಿತ ನ್ಯಾಯಮಂಡಳಿ ಒಂದು; ಕಂದಾಯ, ಸಹಕಾರಿ ಸಂಘದ ಮೇಲ್ಮನವಿಗಳ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣ ಇನ್ನೊಂದು, 1976ರ ಕಾಯ್ದೆಯದು. ವಿಳಾಸ ತಪ್ಪಿ ಮೇಲ್ಮನವಿ ಅಂಚೆಗೆ ಹಾಕಿದರೆ ಕಾಲಮಿತಿ ನಿಮಗಾಗಿ ಕಾಯುವುದಿಲ್ಲ.

ಮಲಪ್ರಭೆ
ಸಂವಿಧಾನನ ಸ್ವತಃ ಸುಪ್ರೀಂ ಕೋರ್ಟಿಗೆ ಬ್ಯಾಡ ಅಂದ್ರ? 262ನೇ ವಿಧಿ ನೀರಿನ ಜಗಳಕ್ಕ ಹಂಗ ಹೇಳ್ತದಲ್ಲ.

ಪಟ್ಟಿ ಏಳು
ಹೌದು, ನದಿ ನೀರಿನ ವ್ಯಾಜ್ಯಕ್ಕೆ ಸುಪ್ರೀಂ ಕೋರ್ಟನ್ನೂ ಹೊರಗಿಡಲು ಸಂಸತ್ತಿಗೆ ಅದು ಅಧಿಕಾರ ಕೊಟ್ಟಿದೆ, 1956ರ ಅಂತರರಾಜ್ಯ ನದಿ ನೀರು ವ್ಯಾಜ್ಯ ಕಾಯ್ದೆಯ ಕಲಂ 11 ಹಾಗೆ ಹೊರಗಿಟ್ಟಿದೆ. ಕೇಂದ್ರ ಇನ್ನೂ ಮುಂದೆ ಹೋಗಿ, ನ್ಯಾಯಮಂಡಳಿ ತೀರ್ಪಿಗೆ ಸುಪ್ರೀಂ ಕೋರ್ಟಿನ ಡಿಕ್ರಿಯ ಬಲವಿದೆ ಎನ್ನುವ 6(2) ತೋರಿಸಿ, ಮೇಲ್ಮನವಿಯೇ ಇಲ್ಲ ಎಂದು ವಾದಿಸಿತು. 2016ರ ಡಿಸೆಂಬರ್ 9ರಂದು ಕೋರ್ಟು ಒಪ್ಪಲಿಲ್ಲ: ಹೊರಗಿಟ್ಟಿರುವುದು ಮೂಲ ವ್ಯಾಜ್ಯವನ್ನು ಮಾತ್ರ, 136ನೇ ವಿಧಿಯ ಮೇಲ್ಮನವಿ ಉಳಿದಿದೆ, 6(2) ಇರುವುದು ಜಾರಿಗಾಗಿ. ಆ ಬಾಗಿಲು ತೆರೆದಿದ್ದರಿಂದಲೇ ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪಿನಲ್ಲಿ 270 ಟಿ.ಎಂ.ಸಿ. ಇದ್ದ ಕರ್ನಾಟಕದ ಪಾಲು 2018ರ ಫೆಬ್ರವರಿ 16ರಂದು 284.75 ಆಯಿತು, ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು.

ವರದಾ ತೀರ
ಉಪಕಾರವಾಯಿತು. ವಾದಪತ್ರದಲ್ಲಿ ವ್ಯಾಪ್ತಿಯ ಕಂಡಿಕೆ ಹೇಗಿರಬೇಕು?

ಎರಡನೇ ಪ್ರತಿ
'ಈ ನ್ಯಾಯಾಲಯಕ್ಕೆ ಅಧಿಕಾರ ವ್ಯಾಪ್ತಿ ಇದೆ' ಎಂಬ ಒಂದೇ ಸಾಲು ಬರೆದು ಮುಗಿಸಬೇಡಿ. ಆದೇಶ 7 ನಿಯಮ 1 ಕೇಳುವುದು ವ್ಯಾಪ್ತಿಯನ್ನು ತೋರಿಸುವ ಸಂಗತಿಗಳನ್ನು. ಸರ್ವೆ ನಂಬರ್, ಗ್ರಾಮ, ತಾಲ್ಲೂಕು, ಮನೆಯ ಸಿ.ಟಿ.ಎಸ್. (ನಗರ ಸರ್ವೆ) ನಂಬರ್; ಸಂಹಿತೆಯ ಕಲಂ 17ರಡಿ ಎರಡನ್ನೂ ಸೇರಿಸಿದ್ದೇವೆ ಎಂಬುದು; ಜಮೀನಿಗೆ ಕಂದಾಯದ 25 ಪಟ್ಟು, ಮನೆಗೆ ಮಾರುಕಟ್ಟೆ ಬೆಲೆ, ಅದರಲ್ಲಿ ವಾದಿಯ ಪಾಲು ಎಷ್ಟೆಂಬ ಲೆಕ್ಕ; ಶುಲ್ಕಕ್ಕೆ ಒಂದು ಮೌಲ್ಯ, ವ್ಯಾಪ್ತಿಗೆ ಇನ್ನೊಂದು ಎಂದು ಬೇರೆ ಬೇರೆಯಾಗಿ. ಮೌಲ್ಯ ನಿರ್ಣಯ ಪಟ್ಟಿಯನ್ನು ವಾದಪತ್ರದ ಜೊತೆಗೇ ಲಗತ್ತಿಸಿ, ಇಲ್ಲದಿದ್ದರೆ ಶಿರಸ್ತೇದಾರರ ಆಕ್ಷೇಪಣೆಯಲ್ಲೇ ನಿಲ್ಲುತ್ತದೆ. 1981ರ ಆದೇಶದ ದೃಢೀಕೃತ ನಕಲು, ಅದಕ್ಕೂ ಹಿಂದಿನ ವರ್ಷಗಳ ಪಹಣಿಯಲ್ಲಿ ಗೇಣಿದಾರನ ಕಾಲಂನಲ್ಲಿ ತಂದೆಯ ಹೆಸರಿದ್ದರೆ ಆ ಪಹಣಿಗಳೂ ದಾಖಲೆ ಪಟ್ಟಿಯಲ್ಲಿ ಇರಲಿ. ಕಲಂ 132ರ ತಕರಾರು ಬಂದರೆ ಮೊದಲು ಕೇಳುವುದು ಅವನ್ನೇ.